ಅರಮನೆಯ ದೀಪ, ಬಾಳೆಎಲೆ ಊಟ, ಮೃದಂಗದ ಚರ್ಮ: ಮೈಸೂರಿನ ಒಂದು ಸಂಜೆ ಟೂರಲ್ಲಿ ನಾವೆಲ್ಲಿದ್ದೀವಿ?



ಪೋಸ್ಟ್ ಉದ್ದ ಇದೆ. ಬಿಡುವು ಮಾಡ್ಕೊಂಡು ಓದಿ.

ಮೈಸೂರಲ್ಲಿ ಈಗ ಸಂಜೆ ಹೊತ್ತಿನ 'ಹೆರಿಟೇಜ್ ಟೂರ್' ಅನ್ನೋದು ದೊಡ್ಡ ವ್ಯಾಪಾರ. ನಾಲ್ಕೂವರೆಗೋ ಐದಕ್ಕೋ ಶುರು. ಪುರಭವನ, ದೊಡ್ಡ ಗಡಿಯಾರ, ಕೆ.ಆರ್. ಸರ್ಕಲ್, ದೇವರಾಜ ಮಾರ್ಕೆಟ್ ಸುತ್ತಿಸ್ತಾರೆ. ಕತ್ತಲಾಗ್ತಿದ್ದಂಗೆ ಅರಮನೆ ಮುಂದೆ ನಿಲ್ಲಿಸ್ತಾರೆ. ದೀಪ ಹತ್ತುತ್ತೆ, ಎಲ್ಲರೂ ಮೊಬೈಲ್ ಎತ್ತುತಾರೆ. ಆಮೇಲೆ ಯಾವುದಾದರೂ ಹಳೇ ಮನೆಯ ತೊಟ್ಟಿಯಲ್ಲೋ ಹೋಟೆಲಿನ ಅಂಗಳದಲ್ಲೋ ಬಾಳೆಎಲೆ ಊಟ. ಊಟದ ಜೊತೆಗೆ ವೀಣೆ, ಮೃದಂಗ. 'ಸಾಂಪ್ರದಾಯಿಕ ಭೋಜನ, ಸಾಂಪ್ರದಾಯಿಕ ಸಂಗೀತ' ಅಂತ ಬೋರ್ಡು.

ಇದರಲ್ಲಿ ತಪ್ಪೇನಿದೆ ಅಂತ ಕೇಳಬಹುದು. ಊರು ನೋಡೋದ್ರಲ್ಲಿ, ಉಣ್ಣೋದ್ರಲ್ಲಿ, ಹಾಡು ಕೇಳೋದ್ರಲ್ಲಿ ಯಾವ ತಪ್ಪೂ ಇಲ್ಲ. ನನ್ನ ತಕರಾರು ಆ ಮೂರು ಗಂಟೆಯಲ್ಲಿ ಹೇಳೋ ಕಥೆಯ ಬಗ್ಗೆ. ಆ ಕಥೆಯಲ್ಲಿ ರಾಜರಿದ್ದಾರೆ, ದಿವಾನರಿದ್ದಾರೆ, ಇಂಗ್ಲಿಷ್ ಇಂಜಿನಿಯರಿದ್ದಾರೆ, ಆಸ್ಥಾನ ವಿದ್ವಾಂಸರಿದ್ದಾರೆ. ನಾವು ಮಾತ್ರ ಇಲ್ಲ. ಆದರೆ ಆ ಟೂರಿನ ಒಂದೊಂದು ನಿಲ್ದಾಣದಲ್ಲೂ ನಮ್ಮ ಜನ ಇದ್ದಾರೆ. ನಡೀರಿ, ಅದೇ ದಾರಿಯಲ್ಲಿ ಇನ್ನೊಂದು ಸಲ ಹೋಗಿಬರೋಣ.

*ಮೊದಲ ನಿಲ್ದಾಣ: ಪುರಭವನ*

ಇದರ ಪೂರ್ತಿ ಹೆಸರು ರಂಗಾಚಾರ್ಲು ಸ್ಮಾರಕ ಭವನ. 1884ರದ್ದು. 1881ರಲ್ಲಿ ದಿವಾನ್ ರಂಗಾಚಾರ್ಲು ಕಾಲದಲ್ಲಿ ಪ್ರಜಾಪ್ರತಿನಿಧಿ ಸಭೆ ಶುರುವಾಯ್ತು, ಇಡೀ ಭಾರತದಲ್ಲೇ ಇಂಥ ಪ್ರಯೋಗ ಮೊದಲು ಅಂತ ಗೈಡ್ ಹೇಳ್ತಾರೆ. ಹೆಮ್ಮೆಯ ವಿಷಯವೇ. ಆದರೆ ಆ ಮೊದಲ ಸಭೆಯಲ್ಲಿ 'ಪ್ರಜೆ' ಅಂದ್ರೆ ಯಾರು? ಜಮೀನುದಾರರು, ವರ್ತಕರು. ಭೂಮಿ ಇಟ್ಟುಕೊಳ್ಳೋಕೇ ಬಿಡದಿದ್ದ ಜನ ಪ್ರಜೆ ಅನ್ನೋ ಲೆಕ್ಕಕ್ಕೇ ಬರಲಿಲ್ಲ.

ಇವತ್ತು ಅದೇ ಪುರಭವನದ ಹತ್ತಿರ ಬಾಬಾಸಾಹೇಬರ ಪ್ರತಿಮೆ ಇದೆ. ಮೈಸೂರಿನ ದಲಿತ ಸಂಘಟನೆಗಳ ಎಷ್ಟೋ ಧರಣಿ, ಮೆರವಣಿಗೆ ಶುರುವಾಗೋದು ಅಲ್ಲಿಂದಲೇ. ಪ್ರಜೆ ಅನ್ನೋ ಪದದ ಅರ್ಥ ಹೆಂಗೆ ಬದಲಾಯ್ತು ಅನ್ನೋದನ್ನ ಆ ಒಂದು ಜಾಗದಲ್ಲೇ ನಿಂತು ಹೇಳಬಹುದು.

*ಎರಡನೇ ನಿಲ್ದಾಣ: ದೊಡ್ಡ ಗಡಿಯಾರ*

ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ಬೆಳ್ಳಿಹಬ್ಬದ ನೆನಪಿಗೆ 1927ರಲ್ಲಿ ಕಟ್ಟಿದ್ದು. 1927 ಅಂದ ಕೂಡಲೇ ನಮಗೆ ನೆನಪಾಗೋದು ಬೇರೆ. ಅದೇ ವರ್ಷ ಮಾರ್ಚ್ 20ಕ್ಕೆ ಬಾಬಾಸಾಹೇಬರು ಮಹಾಡಿನಲ್ಲಿ ಚೌದಾರ್ ಕೆರೆಯ ನೀರು ಮುಟ್ಟಿ ಕುಡಿದರು. ಡಿಸೆಂಬರ್ 25ಕ್ಕೆ ಮನುಸ್ಮೃತಿ ಸುಟ್ಟರು.

ನಾಲ್ವಡಿ ಬಗ್ಗೆ ನಾವು ಲಘುವಾಗಿ ಮಾತಾಡಬಾರದು. 1915ರಲ್ಲಿ ಸರ್ಕಾರಿ ಶಾಲೆಗೆ ಪಂಚಮರ ಮಕ್ಕಳನ್ನ ಸೇರಿಸಬೇಕು ಅಂತ ಆದೇಶ ಆದದ್ದು ಅವರ ಆಳ್ವಿಕೆಯಲ್ಲಿ. ಮೇಲ್ಜಾತಿಯವರು ತಮ್ಮ ಮಕ್ಕಳನ್ನ ಶಾಲೆಯಿಂದ ಬಿಡಿಸಿದ್ರೂ ಆದೇಶ ನಿಂತಿತು. 1918ರಲ್ಲಿ ಮಿಲ್ಲರ್ ಸಮಿತಿ ನೇಮಕ ಆಯ್ತು, 1919ರಲ್ಲಿ ವರದಿ ಬಂತು, ಸರ್ಕಾರಿ ಕೆಲಸದಲ್ಲಿ ಹಿಂದುಳಿದವರಿಗೆ ಪಾಲು ಅನ್ನೋದು ಮೈಸೂರಿನಲ್ಲಿ ಜಾರಿಗೆ ಬಂತು. ಪ್ರತಿಭೆಗೆ ಪೆಟ್ಟು ಬೀಳುತ್ತೆ ಅನ್ನೋ ವಾದ ಇದ್ದ ದಿವಾನ್ ವಿಶ್ವೇಶ್ವರಯ್ಯನವರು 1918ರ ಕೊನೆಗೆ ಹುದ್ದೆ ಬಿಟ್ಟರು. ವಿಶ್ವೇಶ್ವರಯ್ಯನವರ ಅಣೆಕಟ್ಟಿನ ಕಥೆ ಟೂರಲ್ಲಿ ಹತ್ತು ನಿಮಿಷ ಬರುತ್ತೆ. ಮಿಲ್ಲರ್ ಹೆಸರು ಒಂದು ನಿಮಿಷಕ್ಕೂ ಬರಲ್ಲ. ರಾಜರನ್ನ ಹೊಗಳೋರೂ ಅವರು ಮಾಡಿದ ಅತಿ ದೊಡ್ಡ ಕೆಲಸವನ್ನೇ ಮುಚ್ಚಿಡ್ತಾರೆ, ನೋಡಿ.

*ಮೂರನೇ ನಿಲ್ದಾಣ: ಮಾರ್ಕೆಟ್ ರಸ್ತೆ*

'ಎಷ್ಟು ಕ್ಲೀನ್ ಸಿಟಿ!' ಅಂತ ಹೊರಗಿನಿಂದ ಬಂದವರು ಹೇಳೋದು ಇಲ್ಲೇ. ಕೇಂದ್ರ ಸರ್ಕಾರದ ಸ್ವಚ್ಛತಾ ಪಟ್ಟಿಯಲ್ಲಿ 2015 ಮತ್ತು 2016ರಲ್ಲಿ ಮೈಸೂರು ದೇಶಕ್ಕೇ ಮೊದಲು. ಈ ಊರಿನ ಸ್ವಚ್ಛತೆಯ ಕಥೆಯನ್ನ ಟೂರಿನೋರು 1903ರ ನಗರಾಭಿವೃದ್ಧಿ ಮಂಡಳಿಯಿಂದ, ಅಗಲ ರಸ್ತೆ ಮತ್ತು ಚರಂಡಿಯಿಂದ ಶುರು ಮಾಡ್ತಾರೆ. ಪ್ಲೇಗ್ ಬಂದು ಊರು ತತ್ತರಿಸಿದ ಮೇಲೆ ಅದು ಹುಟ್ಟಿದ್ದೂ ನಿಜ.

ಚರಂಡಿ ಕಟ್ಟಿಸಿದವರ ಹೆಸರು ಇದೆ. ಚರಂಡಿಗೆ ಇಳಿದವರ ಹೆಸರು? ಒಳಚರಂಡಿ ಇಲ್ಲದ ಕಾಲದಲ್ಲಿ ಊರಿನ ಹೇಲನ್ನ ಯಾರು ತಲೆ ಮೇಲೆ ಹೊತ್ತರು? 1970ರ ದಶಕದ ಮೊದಲಲ್ಲಿ ಬಿ. ಬಸವಲಿಂಗಪ್ಪನವರು ಪೌರಾಡಳಿತ ಮಂತ್ರಿಯಾಗಿ ತಲೆ ಮೇಲೆ ಮಲ ಹೊರೋ ಪದ್ಧತಿಯನ್ನ ನಿಷೇಧ ಮಾಡಿದರು. ಕರ್ನಾಟಕದ ನಗರಗಳ ಚರಿತ್ರೆಯಲ್ಲಿ ಅಂಥ ಇನ್ನೊಂದು ದಿನ ಹುಡುಕಿ ತೋರಿಸಿ. ಅದೇ ಬಸವಲಿಂಗಪ್ಪನವರು 1973ರ ನವೆಂಬರಲ್ಲಿ ಇದೇ ಮೈಸೂರಲ್ಲಿ, ಕನ್ನಡ ಸಾಹಿತ್ಯದಲ್ಲಿ ಹೆಚ್ಚಿನದು ಬೂಸಾ ಅಂದರು. ಗಲಾಟೆ ಎದ್ದಿತು. ದಲಿತ ಹುಡುಗರ ಮೇಲೆ ಹಲ್ಲೆ ಆಯ್ತು. ಮಂತ್ರಿಗಿರಿ ಹೋಯ್ತು. ಆ ಗಾಯದಿಂದಲೇ ಮುಂದೆ ದಲಿತ ಸಂಘರ್ಷ ಸಮಿತಿ ಎದ್ದು ನಿಂತಿದ್ದು ಅನ್ನೋದು ನಿಮಗೆಲ್ಲ ಗೊತ್ತು.

ಇವತ್ತಿಗೂ ಬೆಳಗಿನ ಜಾವ ಈ ರಸ್ತೆ ಗುಡಿಸೋರು ಹೆಚ್ಚಿನಂಶ ನಮ್ಮವರೇ, ಅದರಲ್ಲೂ ನಮ್ಮ ಹೆಣ್ಣುಮಕ್ಕಳು. ಕಾಯಂ ಮಾಡಿ ಅಂತ 2022ರ ಜುಲೈನಲ್ಲಿ ರಾಜ್ಯದ ತುಂಬ ಪೌರಕಾರ್ಮಿಕರು ಪೊರಕೆ ಕೆಳಗಿಟ್ಟು ಧರಣಿ ಕೂರಬೇಕಾಯ್ತು. ಹೆರಿಟೇಜ್ ಅನ್ನೋದು ಹಳೇ ಕಲ್ಲಿಗೆ ಮಾತ್ರ ಸಲ್ಲೋದಾದರೆ ಇವರ ದುಡಿಮೆಯನ್ನ ಏನಂತ ಕರೀಬೇಕು?

*ನಾಲ್ಕನೇ ನಿಲ್ದಾಣ: ಅರಮನೆ ದೀಪ*

ಹಳೇ ಮರದ ಅರಮನೆ 1897ರಲ್ಲಿ ಮದುವೆ ಸಮಾರಂಭದ ಹೊತ್ತಲ್ಲಿ ಸುಟ್ಟುಹೋಯ್ತು. ಹೆನ್ರಿ ಇರ್ವಿನ್ ನಕ್ಷೆಯಲ್ಲಿ ಹೊಸದು 1912ಕ್ಕೆ ಮುಗೀತು. ಖರ್ಚು 41 ಲಕ್ಷ 47 ಸಾವಿರದ 913 ರೂಪಾಯಿ. ಕೊನೆಯ ಮೂರು ರೂಪಾಯಿವರೆಗೆ ಲೆಕ್ಕ ಇದೆ. ಕಲ್ಲು ಹೊತ್ತವರು, ಗಾರೆ ಅರೆದವರು ಯಾರು ಅಂತ ಕೇಳಿದರೆ ಗೈಡ್ ಹತ್ತಿರ ಒಂದು ಹೆಸರೂ ಇರಲ್ಲ.

ಇನ್ನು ದೀಪ. ಹತ್ತಿರ ಹತ್ತಿರ ಒಂದು ಲಕ್ಷ ಬಲ್ಬು. ಈ ಕರೆಂಟು ಮೈಸೂರು ಸೀಮೆಗೆ ಮೊದಲು ಬಂದದ್ದು ಯಾರಿಗೋಸ್ಕರ? ಅರಮನೆಗಲ್ಲ. 1902ರಲ್ಲಿ ಶಿವನಸಮುದ್ರದಲ್ಲಿ ವಿದ್ಯುತ್ ಹುಟ್ಟಿತು. ಅಲ್ಲಿಂದ ತಂತಿ ಸುಮಾರು 147 ಕಿಲೋಮೀಟರ್ ಎಳಕೊಂಡು ನೇರ ಹೋಗಿದ್ದು ಕೋಲಾರದ ಚಿನ್ನದ ಗಣಿಗೆ. ಬೆಂಗಳೂರಿನ ಬೀದಿಗೆ 1905ರಲ್ಲಿ, ಮೈಸೂರಿಗೆ 1908ರಲ್ಲಿ ಬಂತು.

ಆ ಗಣಿಯಲ್ಲಿ ಇಳಿದವರು ಯಾರು? ಉತ್ತರ ಆರ್ಕಾಟ್, ಸೇಲಂ, ಚಿತ್ತೂರು ಕಡೆಯಿಂದ ಬಂದ ಜನ, ಅವರಲ್ಲಿ ಬಹುಪಾಲು ದಲಿತರು. ಮೂರು ಕಿಲೋಮೀಟರಿಗೂ ಹೆಚ್ಚು ಆಳ. ಬಂಡೆ ಸಿಡಿದು ಸತ್ತವರು ಎಷ್ಟೋ, ಕಲ್ಲುಧೂಳು ಶ್ವಾಸಕೋಶಕ್ಕೆ ಕೂತು ಕೆಮ್ಮಿ ಕೆಮ್ಮಿ ಸತ್ತವರು ಎಷ್ಟೋ. 2001ರಲ್ಲಿ ಗಣಿ ಮುಚ್ಚಿತು, ಮನೆಗಳು ಅಲ್ಲೇ ಉಳಿದವು.

ಆದರೆ ಆ ಜನ ಬರೀ ಸತ್ತವರ ಪಟ್ಟಿ ಆಗಿ ಉಳೀಲಿಲ್ಲ. ಅಯೋತಿ ದಾಸರು ಕಟ್ಟಿದ ಬೌದ್ಧ ಸಂಘಕ್ಕೆ ಮಾರಿಕುಪ್ಪಂನಲ್ಲಿ ಶಾಖೆ ಇತ್ತು. ಬಾಬಾಸಾಹೇಬರು 1956ರಲ್ಲಿ ನಾಗಪುರದಲ್ಲಿ ದೀಕ್ಷೆ ತಗೊಳ್ಳೋಕೆ ಸುಮಾರು ಐವತ್ತು ವರ್ಷ ಮೊದಲೇ ನಮ್ಮ ನಾಡಿನ ಗಣಿ ಕೂಲಿಗಳು ಬುದ್ಧನ ಮಾತು ಆಡ್ತಿದ್ದರು, ತಮ್ಮದೇ ಪುಸ್ತಕ ಓದ್ತಿದ್ದರು. ಅರಮನೆ ದೀಪ ಹತ್ತಿದಾಗ ಇದನ್ನ ಮಕ್ಕಳಿಗೆ ಹೇಳಿ.

*ಐದನೇ ನಿಲ್ದಾಣ: ಬಾಳೆಎಲೆ*

ಕೋಸಂಬರಿ, ಪಲ್ಯ, ಹುಳಿ, ಚಿತ್ರಾನ್ನ, ಪಾಯಸ. ಚೆನ್ನಾಗಿರುತ್ತೆ, ನಾನೂ ಉಣ್ತೀನಿ. ಆದರೆ ಇದೊಂದನ್ನೇ 'ಮೈಸೂರಿನ ಸಾಂಪ್ರದಾಯಿಕ ಊಟ' ಅಂತ ಕರೆಯೋದು ಹೆಂಗೆ? ಮುದ್ದೆ, ಹುರುಳಿಕಾಳು ಉಪ್ಸಾರು, ಮಸ್ಸೊಪ್ಪು, ಒಣಮೀನು, ಬೋಟಿ ಗೊಜ್ಜು, ಲಾಕಿ, ಬಾಡಿನ ಸಾರು ಯಾವ ಊರಿಂದು? ಈ ಜಿಲ್ಲೆಯ ಹೆಚ್ಚು ಮನೆಯಲ್ಲಿ ಬೇಯೋದು ಸಂಪ್ರದಾಯ ಅಲ್ಲ, ಕೆಲವೇ ಮನೆಯಲ್ಲಿ ಬೇಯೋದು ಸಂಪ್ರದಾಯ! ಮಹಾರಾಷ್ಟ್ರದ ಶಾಹೂ ಪಾಟೋಳೆಯವರು ಮರಾಠವಾಡದ ದಲಿತರ ಅಡುಗೆ ಬಗ್ಗೆಯೇ ಒಂದು ಪುಸ್ತಕ ಬರೆದರು. ನಮ್ಮ ಅಜ್ಜಿ, ದೊಡ್ಡವ್ವಂದಿರ ಒಲೆಯ ಬಗ್ಗೆಯೂ ಅಂಥದ್ದು ಬರಬೇಕು. ಬರೆಯೋರು ಈ ಪೋಸ್ಟ್ ಓದ್ತಿರೋರಲ್ಲೇ ಇದ್ದಾರೆ.

ಇನ್ನೊಂದು ವಿಷಯ. ಹಳೇ ಹೋಟೆಲುಗಳಲ್ಲಿ ಬ್ರಾಹ್ಮಣರಿಗೆ ಬೇರೆ ಕೋಣೆ ಇರ್ತಿತ್ತು, ನಮ್ಮವರಿಗೆ ಒಳಗೆ ಜಾಗವೇ ಇರಲಿಲ್ಲ. ಹಳ್ಳಿ ಟೀ ಅಂಗಡಿಯ ಎರಡು ಲೋಟದ ಕಥೆ ಇನ್ನೂ ಮುಗಿದಿಲ್ಲ. ಸಂವಿಧಾನದ 15(2)ನೇ ವಿಧಿ ತೆಗೆದು ಓದಿ. ಅಂಗಡಿ, ಹೋಟೆಲು, ಸಾರ್ವಜನಿಕ ಮನರಂಜನೆಯ ಜಾಗ, ಬಾವಿ, ಕೆರೆ, ಸ್ನಾನಘಟ್ಟ, ರಸ್ತೆ, ಇಷ್ಟರಲ್ಲಿ ಯಾರನ್ನೂ ಜಾತಿ ಕಾರಣಕ್ಕೆ ತಡೆಯೋ ಹಾಗಿಲ್ಲ ಅನ್ನುತ್ತೆ. ರಸ್ತೆಯಲ್ಲಿ ನಡೆಯೋದು, ಅಂಗಡಿಗೆ ಹೋಗೋದು, ಹೋಟೆಲಲ್ಲಿ ಉಣ್ಣೋದು, ಕಚೇರಿ ಕೇಳೋದು. ಈ ಸಂಜೆ ಟೂರಲ್ಲಿರೋದೆಲ್ಲ ಆ ಪಟ್ಟಿಯಲ್ಲಿದೆ! ನಮಗೆ ಈ ಟೂರಿನ ಟಿಕೆಟ್ ಕೊಟ್ಟಿದ್ದು ಯಾವ ಅರಮನೆಯೂ ಅಲ್ಲ, ಆ ವಿಧಿ.

*ಆರನೇ ನಿಲ್ದಾಣ: ಸಂಗೀತ*

ವೀಣೆ ಶೇಷಣ್ಣನವರ ಹೆಸರು ಬರುತ್ತೆ, ಬರಲಿ, ದೊಡ್ಡ ಕಲಾವಿದರು. ಪಕ್ಕದಲ್ಲಿರೋ ಮೃದಂಗವನ್ನ ಸ್ವಲ್ಪ ಹತ್ತಿರದಿಂದ ನೋಡಿ. ಹಸು, ಮೇಕೆ, ಎಮ್ಮೆ, ಮೂರರ ಚರ್ಮವೂ ಅದಕ್ಕೆ ಬೇಕು. ಎಮ್ಮೆ ಚರ್ಮದ ಬಾರು ಎಳೆದು ಬಿಗಿದಾಗಲೇ ಶ್ರುತಿ ನಿಲ್ಲೋದು. ಆ ಚರ್ಮ ಆರಿಸಿ, ತೊಳೆದು, ಒಣಗಿಸಿ, ಕೊಯ್ದು ಹೊಲೆಯೋರು ತಲೆತಲಾಂತರದಿಂದ ಹೆಚ್ಚಾಗಿ ದಲಿತರು, ದಲಿತ ಕ್ರೈಸ್ತರು. ಪಾಲಘಾಟ್ ಮಣಿ ಅಯ್ಯರ್ ಅವರ ನಾದ ಅಂತ ಲೋಕ ಹೊಗಳಿತಲ್ಲ, ಆ ನಾದದ ಹಿಂದೆ ಮೃದಂಗ ಕಟ್ಟಿಕೊಡ್ತಿದ್ದ ಪರ್ಲಾಂದು ಇದ್ದರು. ಈ ಕಥೆಯನ್ನ ಗಾಯಕ ಟಿ.ಎಂ. ಕೃಷ್ಣ 'ಸೆಬಾಸ್ಟಿಯನ್ ಅಂಡ್ ಸನ್ಸ್' ಅನ್ನೋ ಪುಸ್ತಕವಾಗಿ 2020ರಲ್ಲಿ ತಂದರು. ಬಿಡುಗಡೆಗೆ ಅಂತ ಕೊಟ್ಟಿದ್ದ ಸಭಾಂಗಣವನ್ನ ಚೆನ್ನೈನ ಕಲಾಕ್ಷೇತ್ರ ವಾಪಸ್ ತಗೊಂಡಿತು. ಹಸುವಿನ ಚರ್ಮ ವೇದಿಕೆ ಮೇಲಿರಬಹುದು, ಅದರ ಮಾತು ಇರಬಾರದು! ನಮ್ಮ ರಾಜ್ಯದಲ್ಲೂ ಅದೇ 2020ರಲ್ಲಿ ಗೋಹತ್ಯೆ ನಿಷೇಧದ ಹೊಸ ಕಾನೂನು ಮಾಡಿದರು. ಮೃದಂಗದ ಚರ್ಮ ಮರದಲ್ಲಿ ಬಿಡುತ್ತೆ ಅಂದ್ಕೊಂಡಿದ್ದಾರೇನೋ.

ಆಸ್ಥಾನದ ಕಲೆ ಅಂದರೆ ಮೇಲ್ಜಾತಿಯ ಕಲೆ ಅನ್ನೋದೂ ಪೂರ್ತಿ ನಿಜ ಅಲ್ಲ. ಕೆ. ವೆಂಕಟಲಕ್ಷ್ಮಮ್ಮ ಅಂತ ಒಬ್ಬ ತಾಯಿ ಇದ್ದರು. 1906ರಲ್ಲಿ ಕಡೂರು ಸೀಮೆಯ ಲಂಬಾಣಿ ತಾಂಡಾದಲ್ಲಿ ಹುಟ್ಟಿದವರು. ಜಟ್ಟಿ ತಾಯಮ್ಮನವರ ಹತ್ತಿರ ಕಲಿತು ಮೈಸೂರು ಅರಮನೆಯ ಆಸ್ಥಾನ ವಿದುಷಿಯಾದರು. ಆಮೇಲೆ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ನೃತ್ಯ ಕಲಿಸಿದರು. 1992ರಲ್ಲಿ ಪದ್ಮಭೂಷಣ ಬಂತು. 'ಮೈಸೂರು ಶೈಲಿ'ಯ ಭರತನಾಟ್ಯ ಇವತ್ತು ಉಳಿದಿರೋದು ಬಹುಪಾಲು ಆ ತಾಂಡಾದ ಹೆಣ್ಣುಮಗಳ ಅಭಿನಯದಿಂದ. ಎಷ್ಟು ಗೈಡುಗಳು ತಾಂಡಾದ ಹೆಸರು ಹೇಳ್ತಾರೆ?

ಇನ್ನು ತಮಟೆ. ಟೂರಲ್ಲಿ ತಮಟೆ ಇದ್ದರೂ ಅದು ಗೇಟಿನ ಹತ್ತಿರ, ಸ್ವಾಗತಕ್ಕೆ. ಕೂತು ಕೇಳೋ ಕಚೇರಿ ಒಳಗೆ ಅದಕ್ಕೆ ಜಾಗ ಇಲ್ಲ. ಚಿಕ್ಕಬಳ್ಳಾಪುರ ಜಿಲ್ಲೆಯ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪನವರ ತಮಟೆಗೆ 2023ರಲ್ಲಿ ಪದ್ಮಶ್ರೀ ಕೊಟ್ಟರು. ಪ್ರಶಸ್ತಿ ಕೊಟ್ಟವರು ಕುರ್ಚಿಯನ್ನೂ ಕೊಡಲಿ. ಸಾವಿಗೆ, ಜಾತ್ರೆಗೆ ಬಿಟ್ಟಿ ಬಾರಿಸು ಅಂದರೆ ನಮ್ಮ ಹುಡುಗರು ತಮಟೆ ಕೆಳಗಿಟ್ಟರು, ಅದು ಸರಿ. ವೇದಿಕೆ ಮೇಲೆ ಸರಿಯಾದ ಸಂಭಾವನೆಗೆ, ಮರ್ಯಾದೆಗೆ ಬಾರಿಸ್ತಾರೆ ಅಂದರೆ ಅದೂ ಸರಿ. ಎರಡನ್ನೂ ತೀರ್ಮಾನ ಮಾಡಬೇಕಾದವರು ಬಾರಿಸೋರೇ.

*ಟೂರಿನಲ್ಲಿ ಇಲ್ಲದ ಊಟ, ಇಲ್ಲದ ಹಾಡು*

ಊಟ, ಹಾಡು ಎರಡೂ ಒಟ್ಟಿಗೆ ಇರೋ ಸಂಪ್ರದಾಯ ಬೇಕಾ? ಪಕ್ಕದ ಚಾಮರಾಜನಗರ ಜಿಲ್ಲೆಯ ಚಿಕ್ಕಲ್ಲೂರಿಗೆ ಹೋಗಿ. ಮಂಟೇಸ್ವಾಮಿ, ಸಿದ್ದಪ್ಪಾಜಿ ಪರಂಪರೆಯ ಐದು ದಿನದ ಜಾತ್ರೆ. ನೀಲಗಾರರು ತಂಬೂರಿ ಹಿಡಿದು ರಾತ್ರಿಯೆಲ್ಲ ಕಥೆ ಹಾಡ್ತಾರೆ. ಪಂಕ್ತಿಸೇವೆಯ ದಿನ ಬಯಲಲ್ಲಿ ಒಲೆ ಹೂಡಿ ಬಾಡೂಟ ಮಾಡಿ, ಬೇರೆ ಬೇರೆ ಜಾತಿಯ ಜನ ಒಟ್ಟಿಗೆ ಕೂತು ಉಣ್ತಾರೆ. ಹೋಟೆಲಲ್ಲಿ ನಮಗೆ ಜಾಗ ಇಲ್ಲದ ಕಾಲದಲ್ಲೂ ಆ ಪಂಕ್ತಿಯಲ್ಲಿ ಜಾಗ ಇತ್ತು. ಅಂಥ ಜಾತ್ರೆಗೆ ಇತ್ತೀಚಿನ ವರ್ಷಗಳಲ್ಲಿ 1959ರ ಪ್ರಾಣಿಬಲಿ ನಿಷೇಧ ಕಾಯ್ದೆ ಹೆಸರಲ್ಲಿ ತಡೆ ಹಾಕ್ತಾರೆ, ಕುರಿ ಕೋಳಿ ತರಬೇಡಿ ಅಂತಾರೆ. ಅದು ಬಲಿ ಅಲ್ಲ, ನಮ್ಮ ಊಟ ಅಂತ ಭಕ್ತರೂ ಹೋರಾಟಗಾರರೂ ವರ್ಷವರ್ಷ ವಾದ ಮಾಡಬೇಕಾಗಿದೆ. ಬಾಳೆಎಲೆ ಊಟಕ್ಕೆ ಪ್ರವಾಸೋದ್ಯಮ, ಬಾಡೂಟಕ್ಕೆ ಪೊಲೀಸ್.

*ಹಾಗಾದರೆ ಏನು ಮಾಡೋಣ?*

ಬೈಕಾಟ್ ಮಾಡಿ ಅಂತ ನಾನು ಹೇಳಲ್ಲ. ಈ ಊರು ನಮ್ಮದು. ಹೋಗಿ, ದುಡ್ಡು ಕೊಟ್ಟು ಮುಂದಿನ ಸಾಲಲ್ಲಿ ನಿಂತು ಕೇಳಿ: ಮಿಲ್ಲರ್ ವರದಿ ಏನು? ಮೊದಲ ಕರೆಂಟು ಎಲ್ಲಿಗೆ ಹೋಯ್ತು? ಮೃದಂಗ ಮಾಡಿದವರು ಯಾರು? ವೆಂಕಟಲಕ್ಷ್ಮಮ್ಮ ಯಾವ ಊರಿನವರು? ಗೈಡ್ ಮೇಲೆ ಸಿಟ್ಟಾಗಬೇಡಿ. ಅವರೂ ದಿನಗೂಲಿ ಹುಡುಗರು, ಬರೆದುಕೊಟ್ಟಿದ್ದು ಒಪ್ಪಿಸ್ತಾರೆ. ಬರೆದುಕೊಡೋರನ್ನ ಕೇಳಿ. ಗೈಡ್ ತರಬೇತಿ ಕೊಡೋ ಪ್ರವಾಸೋದ್ಯಮ ಇಲಾಖೆಗೆ ಅರ್ಜಿ ಹಾಕಿ.

ಎರಡನೇದು, ನಮ್ಮ ದಾರಿ ನಾವೇ ಹಾಕೋಣ. ಅರಮನೆಯಿಂದ ಕೆಲವೇ ಕಿಲೋಮೀಟರ್ ದೂರದಲ್ಲಿ ಅಶೋಕಪುರಂ ಇದೆ. ಹಿಂದೆ ಅದರ ಹೆಸರು ಆದಿಕರ್ನಾಟಕಪುರಂ. ಚಳವಳಿಗೆ, ಸಾಹಿತ್ಯಕ್ಕೆ, ವಿದ್ಯೆಗೆ ಎಷ್ಟು ಜನರನ್ನ ಕೊಟ್ಟ ಕೇರಿ ಅದು! ಅಲ್ಲಿಂದ ಶುರುವಾಗಿ ಪುರಭವನದ ಅಂಬೇಡ್ಕರ್ ಪ್ರತಿಮೆ ಹತ್ತಿರ ಮುಗಿಯೋ ಒಂದು ಸಂಜೆ ನಡಿಗೆ ಮಾಡೋಣ. ಕೊನೆಗೆ ಮುದ್ದೆ, ಬಾಡಿನ ಸಾರು, ಬಾಡು ತಿನ್ನದವರಿಗೆ ಉಪ್ಸಾರು. ನೀಲಗಾರರ ಪದ, ತಮಟೆ, ಜೊತೆಗೆ ಮೃದಂಗವೂ ಇರಲಿ, ಅದನ್ನ ಕಟ್ಟಿದವರನ್ನ ವೇದಿಕೆ ಮೇಲೆ ಕೂರಿಸಿ.

ಅಶೋಕಪುರಂನ ಹಿರಿಯರು ಇರುವಾಗಲೇ ಅವರ ನೆನಪುಗಳನ್ನ ರೆಕಾರ್ಡ್ ಮಾಡಿಕೊಳ್ಳಬೇಕು, ಅದು ಮೊದಲ ಕೆಲಸ. ಮೊಬೈಲ್ ಇದ್ದವರು, ಭಾನುವಾರ ಬಿಡುವಿದ್ದವರು, ನಿಮ್ಮ ತಾತ ಅಜ್ಜಿ ಆ ಕೇರಿಯಲ್ಲಿದ್ದವರು ಕಾಮೆಂಟಲ್ಲಿ ಹೆಸರು ಹಾಕಿ. ಮುಂದಿನದು ಕೂತು ಮಾತಾಡೋಣ.

ಜೈ ಭೀಮ್.