ಒತ್ತಡ ಇಳಿಯುವ ದಾರಿ

2003ರ ಬೇಸಿಗೆ. ಸತತವಾಗಿ ಮಳೆ ಕೈಕೊಟ್ಟ ವರ್ಷಗಳು. ಕೂಡ್ಲಿಗಿ ಸೀಮೆಯ ಒಂದು ಊರಿನ ಗೋಶಾಲೆಯಲ್ಲಿ ಮೇವು ಹಂಚುವ ಪಟ್ಟಿ ಹಿಡಿದು ನಾನು ನಿಂತಿದ್ದೆ. ಆಗ ನಾನು ಗ್ರಾಮ ಲೆಕ್ಕಿಗ. ಬೆಳಿಗ್ಗೆಯಿಂದ ಪಂಚಾಯ್ತಿ ಕಚೇರಿಯ ಫೋನಿಗೆ ಮೂರು ಸಲ ಕರೆ ಬಂದಿತ್ತು. ಸಂಜೆ ಐದರೊಳಗೆ ಜಾನುವಾರುಗಳ ಸಂಖ್ಯೆ, ಒಣಗಿದ ಬೆಳೆಯ ಎಕರೆ, ಗುಳೆ ಹೋದ ಮನೆಗಳ ಲೆಕ್ಕ ತಾಲ್ಲೂಕಿಗೆ ಮುಟ್ಟಬೇಕು. ಕೊನೆಯ ಕರೆಯಲ್ಲಿ ಮೇಲಿನವರು ಆಡಿದ ಮಾತನ್ನು ಇಲ್ಲಿ ಬರೆಯಲಾರೆ.

ಅಷ್ಟರಲ್ಲಿ ಒಬ್ಬ ಮುದುಕಿ ಬಂದು, ತನ್ನ ಎರಡನೇ ಎತ್ತಿಗೆ ಮೇವು ಕೊಟ್ಟಿಲ್ಲ ಎಂದಳು. ಪಟ್ಟಿಯಲ್ಲಿ ಒಂದೇ ಎತ್ತಿತ್ತು. ನಾನು ಕೂಗಾಡಿದೆ. ಫೋನಿನಲ್ಲಿ ಕೇಳಿದ್ದ ಅದೇ ಮಾತು, ಅದೇ ದನಿ. ಸುತ್ತ ನಿಂತವರು ಸುಮ್ಮನಾದರು. ಆಕೆ ಮಾತ್ರ ನನ್ನ ಮುಖ ನೋಡಿ, "ಯಪ್ಪಾ, ಮುಂಜಾನಿಂದ ಏನಾರ ಉಂಡೀಯೋ ಇಲ್ಲೋ?" ಎಂದಳು.

ಉಂಡಿರಲಿಲ್ಲ.

ಆ ಪ್ರಶ್ನೆ ಇಪ್ಪತ್ತು ವರ್ಷ ನನ್ನೊಳಗೆ ಕೂತಿದೆ. ನಿವೃತ್ತಿಯ ನಂತರ ಬಿಡುವಾದಾಗ ನಮ್ಮ ಸೀಮೆಯ ಬರಗಳ ಚರಿತ್ರೆ ಓದತೊಡಗಿದೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ – ಇವು ಇಂದು ವಿಜಯನಗರ ಜಿಲ್ಲೆಯ ತಾಲ್ಲೂಕುಗಳು. ಹಿಂದೆ ಎಲ್ಲವೂ ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆಯೊಳಗಿದ್ದವು. ಬರದ ಕಥೆ ಎಂದರೆ ಹಸಿವಿನ ಕಥೆ ಎಂದಷ್ಟೇ ತಿಳಿದು ಓದಲು ಕೂತವನಿಗೆ ಸಿಕ್ಕಿದ್ದು ಕಚೇರಿಯ ಕಥೆ. ಮೇಲಿನವನು ಕೆಳಗಿನವನನ್ನು ಗದರುವುದು, ಅವನು ತನಗಿಂತ ಕೆಳಗಿನವನನ್ನು ಗದರುವುದು, ಕೊನೆಗೆ ಅದೆಲ್ಲ ಒಂದು ಹಿಡಿ ಕಾಳಿನ ಮೇಲೆ ಬಂದು ಕೂರುವುದು.

1876ರಲ್ಲಿ ಮಳೆ ಹೋಯಿತು. ಹಿಂಗಾರೂ ಬರಲಿಲ್ಲ. ಅದು ಧಾತು ಸಂವತ್ಸರ, ಮರುವರ್ಷ ಈಶ್ವರ. ಹಾಗಾಗಿ ಹಿರಿಯರ ಬಾಯಲ್ಲಿ ಅದು ಧಾತು-ಈಶ್ವರದ ಬರ. ಮದ್ರಾಸಿನ ಗವರ್ನರ್ ಆಗಿದ್ದ ಡ್ಯೂಕ್ ಆಫ್ ಬಕಿಂಗ್‌ಹ್ಯಾಂ ಗುಟ್ಟಾಗಿ ಸುಮಾರು 30,000 ಟನ್ ಧಾನ್ಯ ಕೊಳ್ಳಲು ವ್ಯವಸ್ಥೆ ಮಾಡಿದ. ವೈಸರಾಯ್ ಲಿಟ್ಟನ್‌ಗೆ ಇದು ಹಿಡಿಸಲಿಲ್ಲ. ವ್ಯಾಪಾರದಲ್ಲಿ ಸರ್ಕಾರ ಕೈಹಾಕಬಾರದು ಎಂಬುದು ಆಗಿನ ಅರ್ಥಶಾಸ್ತ್ರದ ದೊಡ್ಡ ಮಂತ್ರ. 1877ರ ಜನವರಿ 1ರಂದು ದೆಹಲಿಯಲ್ಲಿ ವಿಕ್ಟೋರಿಯಾ ರಾಣಿಯನ್ನು ಚಕ್ರವರ್ತಿನಿ ಎಂದು ಸಾರುವ ದರ್ಬಾರು ಮುಗಿಯಿತು. ಅದೇ ತಿಂಗಳು ಖರ್ಚಿಗೆ ಕಡಿವಾಣ ಹಾಕಲು ಲಿಟ್ಟನ್ ದಕ್ಷಿಣಕ್ಕೆ ಒಬ್ಬನನ್ನು ಕಳಿಸಿದ. ಅವನು ಸರ್ ರಿಚರ್ಡ್ ಟೆಂಪಲ್.

ಟೆಂಪಲ್‌ನ ಹೆಸರು ಕೇಳಿದರೆ ಓದುಗರಿಗೆ ಸಿಟ್ಟು ಬರುವುದು ಸಹಜ. ನನಗೂ ಬಂತು. ಆದರೆ ಅವನ ಹಿಂದಿನ ಮೂರು ವರ್ಷ ನೋಡಬೇಕು. 1873–74ರಲ್ಲಿ ಬಿಹಾರದಲ್ಲಿ ಬರ ಬಿದ್ದಾಗ ಪರಿಹಾರದ ಹೊಣೆ ಹೊತ್ತವನು ಇದೇ ಟೆಂಪಲ್. ಬರ್ಮಾದಿಂದ ಸುಮಾರು 4,50,000 ಟನ್ ಅಕ್ಕಿ ತರಿಸಿ ಹಂಚಿದರು. ಹಸಿವಿನಿಂದ ಸತ್ತವರು ಬಹಳ ಕಡಿಮೆ. ಇಷ್ಟು ಒಳ್ಳೆ ಕೆಲಸಕ್ಕೆ ಅವನಿಗೆ ಸಿಕ್ಕಿದ್ದು ಬೈಗುಳ. ದುಂದುಗಾರ ಎಂದು ಪತ್ರಿಕೆಗಳು ಬರೆದವು, ಲಂಡನ್ನಿನವರು ಮೂಗು ಮುರಿದರು. ಜೀವ ಉಳಿಸಿ ಬೈಸಿಕೊಂಡ ಅಧಿಕಾರಿ ಮತ್ತೊಂದು ಬರಕ್ಕೆ ಬರುವಾಗ ಏನು ಹೊತ್ತು ಬರುತ್ತಾನೆ? ಈ ಸಲ ಯಾರೂ ತನ್ನನ್ನು ದುಂದುಗಾರ ಎನ್ನಬಾರದು ಎಂಬ ಹಟ. ಇದು ನನ್ನ ಊಹೆ; ಆದರೆ ಮೂವತ್ತೈದು ವರ್ಷ ನೌಕರಿ ಮಾಡಿದವನ ಊಹೆ. ಒಂದು ಸಲ ಆಡಿಟ್‌ನಲ್ಲಿ ಸಿಕ್ಕಿಬಿದ್ದವನು ಮುಂದೆ ನ್ಯಾಯವಾದ ಬಿಲ್ಲಿಗೂ ಸಹಿ ಹಾಕಲು ಹೆದರುವುದನ್ನು ಕಣ್ಣಾರೆ ನೋಡಿದ್ದೇನೆ.

ಟೆಂಪಲ್ ಬಂದ ತಕ್ಷಣ ಪರಿಹಾರ ಕಾಮಗಾರಿಯ ಕೂಲಿ ಕಡಿಮೆಯಾಯಿತು. ಕೆರೆ ಅಗೆಯುವ, ರಸ್ತೆಗೆ ಕಲ್ಲು ಒಡೆಯುವ ಗಂಡಾಳಿಗೆ ದಿನಕ್ಕೆ ಒಂದು ಪೌಂಡ್, ಅಂದರೆ ಸುಮಾರು 450 ಗ್ರಾಂ ಧಾನ್ಯ, ಮೇಲೊಂದು ಆಣೆ. ಹೆಂಗಸರಿಗೆ, ಮಕ್ಕಳಿಗೆ ಇನ್ನೂ ಕಡಿಮೆ. ಚರಿತ್ರೆಯಲ್ಲಿ ಇದಕ್ಕೆ ಟೆಂಪಲ್ ಕೂಲಿ ಎಂದೇ ಹೆಸರು ನಿಂತಿತು. ನಿಜವಾದ ಬಡವ ಯಾರು ಎಂದು ಪತ್ತೆಮಾಡಲು ದೂರದ ಪರೀಕ್ಷೆಯೂ ಇತ್ತು: ಮನೆ ಬಿಟ್ಟು ದೂರದ ಕಾಮಗಾರಿಗೆ ಬಂದರೆ ಮಾತ್ರ ಕೂಲಿ. ಹತ್ತಾರು ಮೈಲಿ ನಡೆಯಲು ಶಕ್ತಿ ಇಲ್ಲದವನು ಬಡವನಲ್ಲ ಎಂದಾಯಿತು! ಬೊಂಬಾಯಿ ಪ್ರಾಂತ್ಯದಲ್ಲಿ ಈ ಕೂಲಿಗೆ ದುಡಿಯುವುದಿಲ್ಲ ಎಂದು ಜನ ಕೆಲಸದ ಜಾಗ ಬಿಟ್ಟು ಹೊರಟರು. ಕೆಲಸದ ಒತ್ತಡಕ್ಕೆ ನಮ್ಮ ನಾಡಿನ ಬಡವರು ಸಾಮೂಹಿಕವಾಗಿ ಕೊಟ್ಟ ಉತ್ತರಗಳಲ್ಲಿ ಇದೂ ಒಂದು. 

ಈ ಸರಪಳಿಯಲ್ಲಿ ಒಬ್ಬ ಮಾತ್ರ ಬೇರೆ ಥರ ನಡೆದುಕೊಂಡ. ಮದ್ರಾಸ್ ಪ್ರಾಂತ್ಯದ ಸ್ಯಾನಿಟರಿ ಕಮಿಷನರ್ ಡಾಕ್ಟರ್ ಡಬ್ಲ್ಯು. ಆರ್. ಕಾರ್ನಿಷ್. ಅವನೂ ನೌಕರನೇ, ಅವನಿಗೂ ಮೇಲಿನವರಿದ್ದರು. ದುಡಿಯುವ ದೇಹಕ್ಕೆ ಕನಿಷ್ಠ 680 ಗ್ರಾಂ ಧಾನ್ಯ, ಜೊತೆಗೆ ತರಕಾರಿ, ಬೇಳೆ ಬೇಕು. ಇಲ್ಲದಿದ್ದರೆ ಇದು ಸಾವಿನ ದಾರಿ ಎಂದು ಅವನು ಬರೆದ. ಬೀದಿಗಿಳಿಯಲಿಲ್ಲ, ರಾಜೀನಾಮೆ ಬಿಸಾಕಲಿಲ್ಲ. ತನ್ನ ಕಚೇರಿಯ ಕಾಗದದಲ್ಲೇ, ತನ್ನ ವೈದ್ಯಕೀಯ ಲೆಕ್ಕದಲ್ಲೇ ಟೆಂಪಲ್‌ನ ಲೆಕ್ಕವನ್ನು ಎದುರಿಸಿದ. 1877ರ ಮಾರ್ಚ್‌ನಲ್ಲಿ ಮದ್ರಾಸ್ ಸರ್ಕಾರ ಅರ್ಧ ದಾರಿಗೆ ಬಂತು: 570 ಗ್ರಾಂ ಧಾನ್ಯ, 43 ಗ್ರಾಂ ಬೇಳೆ. 43 ಗ್ರಾಂ ಬೇಳೆ ಎಂದರೆ ನನ್ನ ಹೆಂಡತಿಯ ಕೈಯಲ್ಲಿ ಒಂದು ಹಿಡಿ. ನಾನು ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ ನೋಡಿದ್ದೇನೆ. ಆ ಒಂದು ಹಿಡಿಗಾಗಿ ಎರಡು ತಿಂಗಳು ಕಾಗದ ಓಡಾಡಿತು. ಓಡಾಡುತ್ತಿದ್ದಾಗ ಜನ ಸಾಯುತ್ತಿದ್ದರು. 1871ರ ಜನಗಣತಿಗೂ 1881ರ ಜನಗಣತಿಗೂ ನಡುವೆ ಬಳ್ಳಾರಿ ಸೀಮೆಯ ಜನಸಂಖ್ಯೆಯಲ್ಲಿ ಸುಮಾರು ಐದರಲ್ಲೊಂದು ಪಾಲು ಇಲ್ಲವಾಗಿತ್ತು. ಸತ್ತವರೆಷ್ಟು, ಗುಳೆ ಹೋಗಿ ಮರಳದವರೆಷ್ಟು ಎಂದು ಆ ಅಂಕಿ ಬಿಡಿಸಿ ಹೇಳುವುದಿಲ್ಲ.

ಈ ಎಲ್ಲ ಲೆಕ್ಕ ಬರೆದವರು ಊರಿನ ಶಾನುಭೋಗರು. ಅವರ ಬಗ್ಗೆ ನಮ್ಮಲ್ಲಿ ಗಾದೆಗಳಿವೆ, ಬೈಗುಳಗಳಿವೆ. ಬಹುಪಾಲು ಅವರು ಗಳಿಸಿಕೊಂಡವೇ. ವಂಶಪಾರಂಪರ್ಯದ ಈ ಹುದ್ದೆಗಳನ್ನು ರದ್ದುಮಾಡಿದ 1961ರ ಕಾಯ್ದೆ 1963ರಲ್ಲಿ ಜಾರಿಗೆ ಬಂತು. ಅವರ ಜಾಗಕ್ಕೆ ಸಂಬಳದ ಗ್ರಾಮ ಲೆಕ್ಕಿಗರು ಬಂದರು. ಹೆಸರು ಬದಲಾಯಿತು, ಸಂಜೆ ಐದರ ಗಡುವು ಉಳಿಯಿತು. 2003ರಲ್ಲಿಯೂ ನಮ್ಮ ಕಡೆ ಕೂಲಿಗಾಗಿ ಕಾಳು ನಡೆಯುತ್ತಿತ್ತು. ಕೂಲಿಯ ಒಂದು ಪಾಲನ್ನು ಧಾನ್ಯದಲ್ಲಿ ಕೊಡುತ್ತಿದ್ದರು. ಟೆಂಪಲ್ ಬಗ್ಗೆ ಓದುವಾಗ ನನಗೆ ಮೊದಲು ನೆನಪಾದದ್ದು ಆ ಮೂಟೆಗಳು.

ಕೂಡ್ಲಿಗಿಯ ಹೆಸರು ರಾಜ್ಯವೆಲ್ಲ ಕೇಳಿಸಿದ್ದು 2016ರಲ್ಲಿ. ಅಲ್ಲಿನ ಡಿವೈಎಸ್ಪಿ ಅನುಪಮಾ ಶೆಣೈ ಅವರನ್ನು ಜನವರಿಯಲ್ಲಿ ಇಂಡಿಗೆ ವರ್ಗ ಮಾಡಿದರು. ಸಚಿವರೊಬ್ಬರ ಫೋನ್ ಕರೆಯೇ ಕಾರಣ ಎಂಬ ವಿವಾದ ಎದ್ದಿತು. ಗದ್ದಲವಾಗಿ ವರ್ಗಾವಣೆ ಹಿಂದಕ್ಕೆ ಹೋಯಿತು. ಜೂನ್ 4ರಂದು ಅವರು ರಾಜೀನಾಮೆ ಕೊಟ್ಟರು. ಅದೇ ದಿನ ರಾಜ್ಯದ ಪೊಲೀಸ್ ಪೇದೆಗಳು ರಜೆ, ಸಂಬಳ, ಮೇಲಧಿಕಾರಿಗಳ ಕಿರುಕುಳದ ಪ್ರಶ್ನೆ ಎತ್ತಿ ಸಾಮೂಹಿಕ ರಜೆಗೆ ಕರೆಕೊಟ್ಟಿದ್ದರು. ಸರ್ಕಾರ ಅದನ್ನು ತಡೆಯಿತು. ಮರುತಿಂಗಳು ಒಂದೇ ವಾರದೊಳಗೆ ಇಬ್ಬರು ಡಿವೈಎಸ್ಪಿಗಳು, ಕಲ್ಲಪ್ಪ ಹಂಡಿಬಾಗ್ ಮತ್ತು ಎಂ. ಕೆ. ಗಣಪತಿ, ಪ್ರಾಣ ಕಳೆದುಕೊಂಡರು. ಆ ಪ್ರಕರಣಗಳ ಸರಿತಪ್ಪು ತೂಗುವ ಅಧಿಕಾರ ನನಗಿಲ್ಲ. ಆ ವಾರ ನಮ್ಮ ತಾಲ್ಲೂಕು ಕಚೇರಿಗಳ ಚಹಾದ ಅಂಗಡಿಗಳಲ್ಲಿ ಮಾತು ತಗ್ಗಿತ್ತು ಎಂಬುದಷ್ಟೇ ನನ್ನ ಸಾಕ್ಷಿ. ಖಾಕಿ ಹಾಕಿದವರಿಗೇ ಹೀಗಾದರೆ ಎಂದು ಶುರುವಾದ ಮಾತನ್ನು ಯಾರೂ ಮುಗಿಸುತ್ತಿರಲಿಲ್ಲ.

ನಾವೆಲ್ಲ ಹೇಗೆ ತಡೆದುಕೊಂಡೆವು ಎಂದು ಕೇಳಿದರೆ ನನ್ನ ಬಳಿ ಚಂದದ ಉತ್ತರವಿಲ್ಲ. ಕೆಲವರು ಕುಡಿದರು. ಕೆಲವರು ಮನೆಯಲ್ಲಿ ಹೆಂಡತಿ ಮಕ್ಕಳ ಮೇಲೆ ತೀರಿಸಿಕೊಂಡರು. ಒಬ್ಬರು ಪ್ರತಿ ವರ್ಷ ಕೊಟ್ಟೂರೇಶ್ವರನ ತೇರಿಗೆ ಪಾದಯಾತ್ರೆ ಹೋಗುತ್ತಿದ್ದರು; ಎರಡು ದಿನ ಯಾರೂ ವರದಿ ಕೇಳುವುದಿಲ್ಲವಲ್ಲ ಎನ್ನುತ್ತಿದ್ದರು. ಮೈಲಾರದ ಕಾರ್ಣಿಕದ ನುಡಿಗಾಗಿ ರೈತರಷ್ಟೇ ಅಲ್ಲ, ಕಂದಾಯದವರೂ ಕಿವಿ ತೆರೆದಿರುತ್ತಿದ್ದರು. ಮಳೆ ಆದರೆ ವರದಿ ಕಡಿಮೆ. ನಾನು ಆ ಮುದುಕಿಯ ಪ್ರಶ್ನೆಯ ನಂತರ ಒಂದು ಸಣ್ಣ ರೂಢಿ ಮಾಡಿಕೊಂಡೆ. ಫೋನಿನಲ್ಲಿ ಬೈಸಿಕೊಂಡ ಮೇಲೆ ನೇರ ಜನರ ಮುಂದೆ ಹೋಗುತ್ತಿರಲಿಲ್ಲ. ಒಂದು ಲೋಟ ನೀರು ಕುಡಿದು, ಬುತ್ತಿ ಬಿಚ್ಚಿ ಒಂದು ರೊಟ್ಟಿ ತಿಂದು, ಆಮೇಲೆ ಹೊರಗೆ ಬರುತ್ತಿದ್ದೆ. ವರದಿ ಹದಿನೈದು ನಿಮಿಷ ತಡವಾಗುತ್ತಿತ್ತು. ಅದಕ್ಕೂ ಬೈಗುಳ ಬೀಳುತ್ತಿತ್ತು. ಎರಡನೇ ಎತ್ತಿನ ಹೆಸರನ್ನು ಅಂದೇ ಪಟ್ಟಿಗೆ ಸೇರಿಸಿದೆ. ಕ್ಷಮೆ ಕೇಳಲಿಲ್ಲ, ಆಗ ಅದು ಹೊಳೆಯಲೇ ಇಲ್ಲ.

2024ರ ಸೆಪ್ಟೆಂಬರ್‌ನಲ್ಲಿ ಗ್ರಾಮ ಆಡಳಿತ ಅಧಿಕಾರಿಗಳು ರಾಜ್ಯಾದ್ಯಂತ ಮುಷ್ಕರಕ್ಕೆ ಕೂತರು. ಕೈಯಲ್ಲಿರುವ ಮೊಬೈಲ್ ಆ್ಯಪ್‌ಗಳ ಸಂಖ್ಯೆಯೇ ಅವರ ಮುಖ್ಯ ದೂರು. ನನ್ನ ತಮ್ಮನ ಮಗ ಅದೇ ಹುದ್ದೆಯಲ್ಲಿದ್ದಾನೆ. ಮುಷ್ಕರದ ನಡುವೆ ಒಂದು ಮಧ್ಯಾಹ್ನ ಮನೆಗೆ ಬಂದವನು, "ದೊಡ್ಡಪ್ಪ, ನಿಮ್ಮ ಕಾಲದಾಗ ಆರಾಮಿತ್ತು ನೋಡ್ರಿ, ಆ್ಯಪ್ ಇರಲಿಲ್ಲ" ಎಂದ. ನಾನು ಅವನಿಗೆ ಗೋಶಾಲೆಯ ಸಂಗತಿ ಹೇಳಿದೆ. ಮನೆಯವರಿಗೂ ಅಲ್ಲಿಯವರೆಗೆ ಹೇಳಿರಲಿಲ್ಲ. ಅವನು ಏನೂ ಅನ್ನಲಿಲ್ಲ. ಅಷ್ಟರಲ್ಲಿ ಅವನ ಫೋನ್ ಅದುರಿತು. ಯಾರದೆಂದು ನೋಡಿದ, ಮಗುಚಿ ಇಟ್ಟ, ತಟ್ಟೆಯಲ್ಲಿದ್ದ ರೊಟ್ಟಿ ಮುಗಿಸಿದ. ಆಮೇಲೆ ಎದ್ದು ಅಂಗಳಕ್ಕೆ ಹೋಗಿ ತಾನೇ ಕರೆ ಮಾಡಿದ.