ಪಿಜಿಬೆಂಚ್‌ನಲ್ಲಿ ಸಂಪರ್ಕಮಟ್ಟದ ಪೂರ್ವಸಿದ್ಧತೆ: ಒಂದು ವಾದ

ಡೇಟಾಬೇಸಿನ ವೇಗ ಅಳೆಯುವ ಉಪಕರಣಗಳಲ್ಲಿ ಸಿದ್ಧತೆ ಬೇರೆ, ಅಳತೆ ಬೇರೆ ಎಂಬುದರ ಬಗ್ಗೆ ಈಗ ತಕರಾರಿಲ್ಲ. ಸಿಸ್‌ಬೆಂಚ್‌ನಲ್ಲಿ ಪ್ರಿಪೇರ್, ರನ್, ಕ್ಲೀನಪ್ ಎಂಬ ಆದೇಶಗಳಿವೆ. 2010ರಲ್ಲಿ ಕೂಪರ್ ಮತ್ತು ಸಂಗಡಿಗರು ಮಂಡಿಸಿದ ವೈಸಿಎಸ್‌ಬಿ ಉಪಕರಣವು ದತ್ತಾಂಶ ತುಂಬುವ ಹಂತವನ್ನು ವ್ಯವಹಾರದ ಹಂತದಿಂದ ಬೇರ್ಪಡಿಸಿತು. ಪೋಸ್ಟ್‌ಗ್ರೆಸ್‌ನ ಪಿಜಿಬೆಂಚ್ ‘-ಐ’ ಆಯ್ಕೆಯಲ್ಲಿ ನಾಲ್ಕು ಕೋಷ್ಟಕ ಕಟ್ಟುತ್ತದೆ. ಪ್ರಮಾಣ 1 ಇದ್ದರೆ ಖಾತೆಗಳ ಕೋಷ್ಟಕದಲ್ಲಿ 1,00,000 ಸಾಲು. ಈ ಎರಡು ಹಂತಗಳೇ ಸಾಕು ಎಂಬ ನಂಬಿಕೆ ಮಾತ್ರ ಒಪ್ಪತಕ್ಕದ್ದಲ್ಲ.

ರಾಮದುರ್ಗ ತಾಲೂಕಿನ ಸಾಲಹಳ್ಳಿಯಂಥ ಊರಿನ ಉತಾರಗಳನ್ನು, ಅಂದರೆ ಪಹಣಿಗಳನ್ನು, ಹುಡುಕುವ ಕೆಲಸವನ್ನೇ ಅಳೆಯಬೇಕೆಂದುಕೊಳ್ಳೋಣ. ಭೂಮಿ ಯೋಜನೆ ಕರ್ನಾಟಕದ ಸುಮಾರು 2 ಕೋಟಿ ಪಹಣಿಗಳನ್ನು ಗಣಕಕ್ಕೆ ತಂದಿತು. ಪಿಜಿಬೆಂಚ್‌ನ ಕೋಷ್ಟಕಗಳೋ ಬ್ಯಾಂಕಿನವು. ಅಲ್ಲಿ ಸರ್ವೆ ನಂಬರೂ ಇಲ್ಲ, ಹಿಸ್ಸಾವೂ ಇಲ್ಲ. ಸ್ವಂತ ಸ್ಕ್ರಿಪ್ಟ್ ಬರೆಯಲೇಬೇಕು. ಹುಡುಕಾಟಕ್ಕೆ ತಾತ್ಕಾಲಿಕ ಕೋಷ್ಟಕ ಬೇಕಾದರೆ ತೊಡಕು ಶುರು: ಪ್ರತಿ ವ್ಯವಹಾರಕ್ಕೂ ಸ್ಕ್ರಿಪ್ಟ್ ಮೊದಲಿನಿಂದ ಓಡುತ್ತದೆ, ಎರಡನೇ ಸಲ ಕೋಷ್ಟಕ ಆಗಲೇ ಇದೆಯೆಂಬ ದೋಷ ಬರುತ್ತದೆ. ಪ್ರತಿಸಲ ಅಳಿಸಿ ಕಟ್ಟಿದರೆ ಅಳೆದಂತಾಗುವುದು ಹುಡುಕಾಟವನ್ನಲ್ಲ, ಕಟ್ಟುವಿಕೆಯನ್ನು.

ಈ ಕೋಷ್ಟಕವನ್ನು ಹೊರಗಿನಿಂದ, ಪೋಸ್ಟ್‌ಗ್ರೆಸ್‌ನ ಪಿಎಸ್‌ಕ್ಯೂಎಲ್‌ನಲ್ಲಿ ಕಟ್ಟಬಹುದಲ್ಲ ಎಂಬುದು ಮೊದಲ ಆಕ್ಷೇಪ. ಆ ಸಂಪರ್ಕ ಮುಗಿದೊಡನೆ ಕೋಷ್ಟಕವೂ ಹೋಗುತ್ತದೆ. ಎರಡನೆಯದು ಹೆಚ್ಚು ಗಟ್ಟಿ: ಒಂದು ಚರದ ಆರಂಭಿಕ ಬೆಲೆ 1 ಎಂದಿಟ್ಟು, ‘ಇಫ್’ ಆದೇಶದೊಳಗೆ ಸಿದ್ಧತೆ ನಡೆಸಿ, ಆಮೇಲೆ ಬೆಲೆಯನ್ನು 0 ಮಾಡಬಹುದು. ಇದು ನಡೆಯುತ್ತದೆ, ಜಾಣತನವೂ ಹೌದು. ಆದರೆ ಸಿದ್ಧತೆಯ ಸಮಯ ಮೊದಲ ವ್ಯವಹಾರದ ಲೆಕ್ಕಕ್ಕೆ ಸೇರಿ ಸರಾಸರಿಯನ್ನು ಕೆಡಿಸುತ್ತದೆ. ಪ್ರತಿ ವ್ಯವಹಾರಕ್ಕೂ ಹೊಸ ಸಂಪರ್ಕ ತೆರೆಯುವ ‘-ಸಿ’ ದೊಡ್ಡಕ್ಷರದ ಆಯ್ಕೆಯಲ್ಲಂತೂ ಚರ ಉಳಿದು ಕೋಷ್ಟಕ ಅಳಿಯುತ್ತದೆ.

ಕೋಷ್ಟಕ ಕಟ್ಟಿದರಷ್ಟೇ ಸಾಲದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಜಯಂತ್ ಹರಿತ್ಸ ಅವರ ಪ್ರಯೋಗಾಲಯದ ಪಿಕಾಸೊ ತಂತ್ರಾಂಶವು, ಆಯ್ಕೆಯಾಗುವ ಸಾಲುಗಳ ಪ್ರಮಾಣದ ಅಂದಾಜು ಬದಲಾದಂತೆ ಪ್ರಶ್ನೆ ನಡೆಸುವ ಯೋಜನೆ ಬದಲಾಗುವುದನ್ನು ಚಿತ್ರವಾಗಿಯೇ ತೋರಿಸಿತು. ಆ ಅಂದಾಜಿನ ಆಧಾರ ಅಂಕಿಅಂಶಗಳು. ಅವನ್ನು ತಾನಾಗಿ ಸಂಗ್ರಹಿಸುವ ಆಟೋವ್ಯಾಕ್ಯೂಮ್ ತಾತ್ಕಾಲಿಕ ಕೋಷ್ಟಕಗಳನ್ನು ಮುಟ್ಟಲಾರದು. ಹೀಗಾಗಿ ಅಂಕಿಅಂಶ ಸಂಗ್ರಹಿಸುವ ಅನಲೈಸ್ ಆದೇಶವೂ ಅದೇ ಸಂಪರ್ಕದೊಳಗೇ ಆಗಬೇಕು. ಪ್ರತಿ ಸಂಪರ್ಕ ತೆರೆದಾಗ ಒಮ್ಮೆ ಓಡಿ, ಅಳತೆಯಿಂದ ಹೊರಗುಳಿಯುವ ಪ್ರತ್ಯೇಕ ಸಿದ್ಧತಾ ಭಾಗ ಪಿಜಿಬೆಂಚ್‌ಗೆ ಬೇಕೆನ್ನಲು ಇದೇ ಕಾರಣ.

ಈ ಮಾತಿಗೆ ಮಿತಿಯಿದೆ. ಸಂಪರ್ಕದ ಸೆಟ್ಟಿಂಗ್‌ಗಳನ್ನು ಪರಿಸರ ಚರದ ಮೂಲಕವೇ ಕೊಡಬಹುದು. ಪ್ರಶ್ನೆಗಳನ್ನು ಮೊದಲೇ ಸಿದ್ಧಗೊಳಿಸುವ ಪ್ರಿಪೇರ್ಡ್ ವಿಧಾನ ಪಿಜಿಬೆಂಚ್‌ನಲ್ಲೇ ಇದೆ. ಹೀಗಾಗಿ ವಾದ ನಿಂತಿರುವುದು ಬಹುಪಾಲು ತಾತ್ಕಾಲಿಕ ಕೋಷ್ಟಕಗಳ ಮೇಲೆ. ಸಿದ್ಧತೆಯ ಸಮಯವನ್ನು ಎಲ್ಲಿ ನಮೂದಿಸಬೇಕೆಂಬುದೂ ಇತ್ಯರ್ಥವಾಗಿಲ್ಲ. ಟಿಪಿಸಿ-ಎಚ್ ಮಾನದಂಡವು ದತ್ತಾಂಶ ತುಂಬುವ ಸಮಯವನ್ನು ವರದಿಯಲ್ಲಿ ಕೇಳುತ್ತದೆ, ಮುಖ್ಯ ಅಂಕಕ್ಕೆ ಸೇರಿಸುವುದಿಲ್ಲ; ಟಿಪಿಸಿ-ಡಿಎಸ್ ಅದರ ಒಂದಂಶವನ್ನು ಅಂಕಕ್ಕೇ ಸೇರಿಸುತ್ತದೆ. ಸಂಪರ್ಕಮಟ್ಟದ ಸಿದ್ಧತೆಗೆ ಸದ್ಯ ಮೊದಲನೆಯ ಕ್ರಮವೇ ಮೇಲು.