ಕೂಲಿ ಬಿಡಿಸಿದರೆ ಸಾಲದು: ಢಾಕಾ ಒಪ್ಪಂದದ ಪಾಠ

ಮಕ್ಕಳು ದುಡಿದು ತಯಾರಿಸಿದ ಸರಕನ್ನು ಅಮೆರಿಕ ಆಮದು ಮಾಡಿಕೊಳ್ಳಬಾರದು ಎಂಬ ಮಸೂದೆಯನ್ನು 1992ರಲ್ಲಿ ಸೆನೆಟರ್ ಟಾಮ್ ಹಾರ್ಕಿನ್ ಮಂಡಿಸಿದರು. ಆ ಮಸೂದೆ ಕಾಯ್ದೆಯಾಗಲೇ ಇಲ್ಲ. ಆದರೆ ಅದರ ಸುದ್ದಿಯೇ ಬಾಂಗ್ಲಾದೇಶದ ಉಡುಪು ಕಾರ್ಖಾನೆಗಳ ಮಾಲೀಕರನ್ನು ಕಂಗೆಡಿಸಲು ಸಾಕಾಯಿತು. ಅವರ ಸಿದ್ಧ ಉಡುಪುಗಳಿಗೆ ಅಮೆರಿಕವೇ ದೊಡ್ಡ ಮಾರುಕಟ್ಟೆಯಾಗಿತ್ತು.

ಹೊಲಿದ ಬಟ್ಟೆಯ ದಾರ ಕತ್ತರಿಸುವುದು, ದರ್ಜಿಗಳಿಗೆ ಬಟ್ಟೆ ಎತ್ತಿಕೊಡುವುದು ಮುಂತಾದ ಕೆಲಸಗಳಲ್ಲಿ ತೊಡಗಿದ್ದ ಮಕ್ಕಳನ್ನು ಮಾಲೀಕರು ಅವಸರದಿಂದ ಹೊರಹಾಕಿದರು. ಹೀಗೆ ಕೆಲಸ ಕಳೆದುಕೊಂಡವರು ಸುಮಾರು 50,000 ಮಕ್ಕಳು ಎಂಬುದು ಯುನಿಸೆಫ್‌ನ ಅಂದಾಜು. ಅವರಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳು. ಕಾರ್ಖಾನೆ ಬಿಟ್ಟವರು ಎಲ್ಲಿ ಹೋದರೆಂದು ವಿಚಾರಿಸಿದಾಗ ತಿಳಿದದ್ದು ಕಹಿಸತ್ಯ. ಕೆಲವರು ಕಲ್ಲು ಒಡೆಯುತ್ತಿದ್ದರು, ಕೆಲವರು ಬೀದಿ ಪಾಲಾಗಿದ್ದರು, ಇನ್ನು ಕೆಲವರು ವೇಶ್ಯಾವಾಟಿಕೆಗೆ ಬಿದ್ದಿದ್ದರು. ಬಿಡಿಸಿದ ಕೆಲಸಕ್ಕಿಂತ ಸಿಕ್ಕಿದ ಕೆಲಸ ಘೋರವಾಗಿತ್ತು.

ಈ ತಪ್ಪನ್ನು ತಿದ್ದುವ ಯತ್ನವಾಗಿ 1995ರ ಜುಲೈ 4ರಂದು ಢಾಕಾದಲ್ಲಿ ಒಂದು ಒಪ್ಪಂದಕ್ಕೆ ಸಹಿ ಬಿತ್ತು. ಉಡುಪು ತಯಾರಕರು ಮತ್ತು ರಫ್ತುದಾರರ ಸಂಘ, ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಹಾಗೂ ಯುನಿಸೆಫ್ ಅದರ ಪಾಲುದಾರರು. 14 ವರ್ಷದೊಳಗಿನವರನ್ನು ಹೊಸದಾಗಿ ನೇಮಿಸುವಂತಿಲ್ಲ. ಈಗಾಗಲೇ ಇರುವವರನ್ನು ಶಾಲೆಯ ಏರ್ಪಾಡಾಗುವವರೆಗೆ ಹೊರಹಾಕುವಂತಿಲ್ಲ. ಶಾಲೆಗೆ ಹೋದ ಮಗುವಿಗೆ ತಿಂಗಳಿಗೆ 300 ಟಾಕಾ. ಸಾಧ್ಯವಾದರೆ ಆ ಕೆಲಸ ಮನೆಯ ವಯಸ್ಕರೊಬ್ಬರಿಗೆ. ಖರ್ಚನ್ನು ಮೂರೂ ಪಕ್ಷಗಳು ಹಂಚಿಕೊಂಡವು. ಕಾರ್ಖಾನೆಗಳ ತಪಾಸಣೆಯ ಹೊಣೆ ಹೊತ್ತ ಕಾರ್ಮಿಕ ಸಂಸ್ಥೆಗೆ ಅಮೆರಿಕದ ಕಾರ್ಮಿಕ ಇಲಾಖೆ ಹಣ ನೀಡಿತು. ಶಾಲೆಗಳನ್ನು ಯುನಿಸೆಫ್ ನೆರವಿನಿಂದ ಸ್ಥಳೀಯ ಸ್ವಯಂಸೇವಾ ಸಂಸ್ಥೆಗಳು ನಡೆಸಿದವು.

ಆದರೆ ಸಮೀಕ್ಷೆ ನಡೆಯುವ ಹೊತ್ತಿಗೆ ಕಾರ್ಖಾನೆಗಳಲ್ಲಿ ಉಳಿದಿದ್ದವರು ಸುಮಾರು 10,500 ಮಕ್ಕಳು ಮಾತ್ರ. ಮುಂದಿನ ವರ್ಷಗಳಲ್ಲಿ 8,000ಕ್ಕೂ ಹೆಚ್ಚು ಮಕ್ಕಳು ಈ ಶಾಲೆಗಳಿಗೆ ಸೇರಿದರು. ಕೊರತೆಗಳೂ ಇದ್ದವು. 300 ಟಾಕಾ ಮಕ್ಕಳ ಕೂಲಿಗೆ ಸಮನಾಗಿರಲಿಲ್ಲ. ರಫ್ತಿಗೆ ಸಂಬಂಧಿಸದ ಇಟ್ಟಿಗೆ ಗೂಡು, ಮನೆಗೆಲಸಗಳ ಮಕ್ಕಳನ್ನು ಒಪ್ಪಂದ ಮುಟ್ಟಲಿಲ್ಲ. ಆದರೂ ಬರೀ ಬಹಿಷ್ಕಾರದ ಬೆದರಿಕೆಗೂ, ಶಾಲೆ, ಭತ್ಯೆ, ತಪಾಸಣೆಗಳಿಗೆ ಹಣ ಒದಗಿಸುವ ಸಹಕಾರಕ್ಕೂ ಇರುವ ಅಂತರವನ್ನು ಅದು ತೋರಿಸಿಕೊಟ್ಟಿತು.

ಇಂಥ ಸಹಕಾರಕ್ಕೆ ಜಾಗತಿಕ ಚೌಕಟ್ಟು ಆಗಲೇ ಸಿದ್ಧವಾಗುತ್ತಿತ್ತು. ಜರ್ಮನಿಯ ಧನಸಹಾಯದಿಂದ ಕಾರ್ಮಿಕ ಸಂಸ್ಥೆ 1992ರಲ್ಲಿ ಬಾಲಕಾರ್ಮಿಕ ಪದ್ಧತಿ ನಿರ್ಮೂಲನೆಯ ಕಾರ್ಯಕ್ರಮ ಆರಂಭಿಸಿದಾಗ ಮೊದಲು ಸೇರಿದ ಆರು ದೇಶಗಳಲ್ಲಿ ಭಾರತವೂ ಒಂದು. 1999ರ 182ನೇ ಒಡಂಬಡಿಕೆ ಅತಿ ಹೀನ ಸ್ವರೂಪದ ಬಾಲದುಡಿಮೆಯನ್ನು ನಿಷೇಧಿಸಿದ್ದಷ್ಟೇ ಅಲ್ಲ, ದೇಶಗಳು ಪರಸ್ಪರ ನೆರವಾಗಬೇಕೆಂದೂ ವಿಧಿಸಿತು. ಭಾರತ ಅದನ್ನು 2017ರಲ್ಲಿ ಅನುಮೋದಿಸಿತು. 2020ರಲ್ಲಿ ಸಂಸ್ಥೆಯ ಎಲ್ಲ ಸದಸ್ಯ ರಾಷ್ಟ್ರಗಳ ಅನುಮೋದನೆ ದೊರೆಯಿತು.

2000ದಲ್ಲಿ ವಿಶ್ವದ ಬಾಲಕಾರ್ಮಿಕರ ಸಂಖ್ಯೆ ಸುಮಾರು 24.6 ಕೋಟಿ ಎಂದು ಅಂದಾಜಾಗಿತ್ತು. 2024ರ ಅಂದಾಜು 13.8 ಕೋಟಿ. ಇಳಿಕೆ ದೊಡ್ಡದು, ಉಳಿದದ್ದೂ ದೊಡ್ಡದೇ. ಹೀಗಿರುವಾಗ 2025ರ ಮಾರ್ಚ್‌ನಲ್ಲಿ ಅಮೆರಿಕದ ಕಾರ್ಮಿಕ ಇಲಾಖೆ ಇಂಥ ಕೆಲಸಗಳಿಗೆ ಹೊರದೇಶಗಳಲ್ಲಿ ನೀಡುತ್ತಿದ್ದ ಅನುದಾನಗಳನ್ನು ರದ್ದುಪಡಿಸಿತು. ಒಂದು ಕಾಲಕ್ಕೆ ಢಾಕಾದ ತಪಾಸಣೆಗೆ ಹಣ ಕೊಟ್ಟದ್ದು ಇದೇ ಇಲಾಖೆ. ಕೂಲಿ ನಿಂತ ಮನೆಯಲ್ಲಿ ಮರುದಿನದ ಅನ್ನಕ್ಕೆ ಯಾರು ಹೊಣೆ ಎಂಬ 1995ರ ಪ್ರಶ್ನೆ ಹೀಗೆ ಮತ್ತೆ ಎದುರು ಬಂದು ನಿಂತಿದೆ.